ತರಗೆಲೆ ತೂರಲಿ, ಮುಚ್ಚಿಗೆ ಉಳಿಯಲಿ

ಶಿಶಿರ ಕಾಲಿಟ್ಟಿತೆಂದರೆ ಕೈತೋಟದವರ ಪೊರಕೆಗೆ ಬಿಡುವಿಲ್ಲ. ಮೈಸೂರಿನ ಓದುಗರೊಬ್ಬರು ಬರೆದಿದ್ದಾರೆ: ‘ಗುಲಾಬಿ ಮಡಿಗೆ ತೆಂಗಿನ ಸಿಪ್ಪೆಯ ಚೂರು ಹೊದಿಸಿದ್ದೇನೆ. ಬೀದಿಯ ಹೊಂಗೆ, ಪಕ್ಕದ ಮನೆಯ ಬಾದಾಮಿ ಮರ ಎರಡೂ ಎಲೆ ಉದುರಿಸುತ್ತಿವೆ. ಗುಡಿಸಿದರೆ ಎಲೆಯ ಜೊತೆ ಸಿಪ್ಪೆಯೂ ಬರುತ್ತದೆ. ಗುಡಿಸದೆ ಬಿಟ್ಟರೆ ಗಾಳಿಗೆ ಎಲ್ಲವೂ ಅಂಗಳದ ಪಾಲು. ಮಲ್ಚ್‌ಗೆಂದೇ ಅಂಟು ಮಾರುತ್ತಾರಂತೆ, ಕೊಳ್ಳಲೇ?’

ಅಂಟಿನ ಮಾತು ಆಮೇಲೆ. ಎಲೆ ಹಾರಬೇಕು, ಸಿಪ್ಪೆ ಉಳಿಯಬೇಕು ಎನ್ನುವುದು ಹೊಸ ಸಮಸ್ಯೆಯೇನಲ್ಲ. ಕಣದಲ್ಲಿ ರಾಶಿ ತೂರುವವರು ಇದನ್ನು ಯಾವತ್ತೋ ಬಿಡಿಸಿದ್ದಾರೆ. ಮೊರ ಎತ್ತಿ ಹಿಡಿದು ಸುರಿದರೆ ಕಾಳು ಕಾಲಬುಡಕ್ಕೆ ಬೀಳುತ್ತದೆ, ಜೊಳ್ಳು ಒಂದಿಷ್ಟು ಆಚೆ, ಹೊಟ್ಟು ಇನ್ನೂ ದೂರ. ಇಲ್ಲಿ ಲೆಕ್ಕಕ್ಕೆ ಬರುವುದು ಬರೀ ತೂಕವಲ್ಲ, ಗಾಳಿಗೆ ಒಡ್ಡಿಕೊಂಡ ಮೈಗೆ ಹೋಲಿಸಿದರೆ ತೂಕ ಎಷ್ಟು ಎಂಬುದು. ಒಣಗಿ ಮುರುಟಿದ ಬಾದಾಮಿ ಎಲೆ ಒಂದು ಸಿಪ್ಪೆಚೂರಿಗಿಂತ ಭಾರವಿದ್ದರೂ ಇರಬಹುದು. ಆದರೆ ಅದರ ಮೈ ಅಂಗೈಗಿಂತ ಅಗಲ. ಅದೇ ಮೊದಲು ಏಳುತ್ತದೆ.

ತೂರುವವರಿಗೆ ಇನ್ನೂ ಒಂದು ಗೊತ್ತು. ಗಾಳಿ ಬಿದ್ದುಹೋದರೆ ಸುಮ್ಮನೆ ಕೂತು ಕಾಯುತ್ತಾರೆ, ಜೋರಾಗಿ ಎದ್ದರೆ ಮೊರ ಕೆಳಗಿಡುತ್ತಾರೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ನೂಕು ನಾಲ್ಮಡಿಯಾಗುತ್ತದೆ, ಅದಕ್ಕೇ ಹದವಾದ ಗಾಳಿಯ ಮಿತಿ ಬಹಳ ಕಿರಿದು. ಈಚೆಗೆ ದೊಡ್ಡ ಬಡಾವಣೆಗಳಲ್ಲೆಲ್ಲ ಭೋರ್ಗರೆಯುವ ಲೀಫ್ ಬ್ಲೋವರ್‌ಗಳದ್ದೂ ಇದೇ ಕಥೆ. ಪೂರ್ತಿ ವೇಗದಲ್ಲಿ ಮಡಿಯ ಮೂತಿಗೇ ಹಿಡಿದರೆ ಕಾಳು, ಹೊಟ್ಟು ಎರಡೂ ಹಾರಿದಂತೆ. ಮಡಿಯಿಂದ ದೂರ ನಿಂತು, ಕಡಿಮೆ ವೇಗದಲ್ಲಿ ಊದಬೇಕು.

ನಮ್ಮ ಓದುಗರ ಬಳಿ ತೂರುವವರಿಗಿಲ್ಲದ ಒಂದು ಅನುಕೂಲವಿದೆ: ನೀರು. ತೆಂಗಿನ ಸಿಪ್ಪೆ ನೀರು ಕುಡಿದು ಭಾರವಾಗುತ್ತದೆ. ಸಂಜೆ ಮಡಿಗೆ ನೀರು ಚಿಮುಕಿಸಿ. ರಾತ್ರಿ ಉದುರಿದ ಎಲೆ ಮೇಲೆಯೇ ಇರುತ್ತದೆ, ಬೆಳಗಿನ ಇಬ್ಬನಿ ಆರಿದಾಗ ಗರಿಗರಿಯಾಗುತ್ತದೆ. ಅಡಿಯ ಸಿಪ್ಪೆ ಇನ್ನೂ ಒದ್ದೆ. ಎತ್ತುವುದಾದರೆ ಆ ಹೊತ್ತಿನಲ್ಲಿ ಎತ್ತಬೇಕು. ಅದೂ ಕಡ್ಡಿಪೊರಕೆಯಿಂದ ಬೇಡ. ಅದರ ಕಡ್ಡಿಗಳು ಒತ್ತೊತ್ತಾಗಿರುವುದರಿಂದ ಸಿಪ್ಪೆಯನ್ನೂ ಬಾಚುತ್ತವೆ. ಹಲ್ಲು ದೂರದೂರವಿರುವ ರೇಕನ್ನು ಮೇಲಿಂದ ಮೇಲೆ ಆಡಿಸಿದರೆ ಸಾಕು.

ಗಾಳಿ ನೆಲದ ಮೇಲಿನ ವಸ್ತುವನ್ನು ಎತ್ತುವುದು ಹೇಗೆಂದು ಪಟ್ಟು ಹಿಡಿದು ನೋಡಿದವರು ರಾಲ್ಫ್ ಬ್ಯಾಗ್ನೋಲ್ಡ್, ಬ್ರಿಟಿಷ್ ಸೇನೆಯ ಎಂಜಿನಿಯರ್. 1920ರ ದಶಕದಲ್ಲಿ ಈಜಿಪ್ಟಿನಲ್ಲಿದ್ದಾಗ ರಜೆ ಸಿಕ್ಕರೆ ಗೆಳೆಯರನ್ನು ಕಟ್ಟಿಕೊಂಡು ಫೋರ್ಡ್ ಕಾರಿನಲ್ಲಿ ಮರುಭೂಮಿಗೆ ನುಗ್ಗುತ್ತಿದ್ದ ಆಸಾಮಿ. ಆಮೇಲೆ ಸೇನೆ ಬಿಟ್ಟು, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಗಾಳಿಸುರಂಗ ಕಟ್ಟಿ ಮರಳನ್ನು ಊದಿಸಿ ಊದಿಸಿ ಅಳೆದರು. ಆ ಫಲಿತಾಂಶಗಳ ಪುಸ್ತಕ 1941ರಲ್ಲಿ ಬಂತು. ಅಷ್ಟರಲ್ಲಿ ಲೇಖಕರು ಯುದ್ಧಕ್ಕಾಗಿ ಮತ್ತೆ ಮರುಭೂಮಿ ಸೇರಿದ್ದರು. ಅದರಲ್ಲಿನ ಒಂದು ಪ್ರಯೋಗ ನನಗೆ ಬಲು ಇಷ್ಟ. ಸಿಮೆಂಟಿನ ಪುಡಿಯನ್ನು ನಯವಾಗಿ ಹರಡಿ ಗಾಳಿ ಬಿಟ್ಟರು. ನಾಲ್ಕು ಮಿಲಿಮೀಟರಿಗೂ ದಪ್ಪದ ಹರಳನ್ನು ಅಲುಗಿಸುವ ಗಾಳಿಗೂ ಆ ಪುಡಿ ಜಗ್ಗಲಿಲ್ಲ! ಕಾರಣವಿದೆ. ಗಾಳಿಯ ವೇಗ ನೆಲದ ಹತ್ತಿರ ಬಂದಂತೆ ಇಳಿಯುತ್ತಾ ಹೋಗುತ್ತದೆ, ತೀರ ತಳದಲ್ಲಿ ಬಹುತೇಕ ಸೊನ್ನೆ. ಆ ನಿಶ್ಚಲ ಪದರದೊಳಗೆ ಅಡಗಿದ್ದನ್ನು ಗಾಳಿ ಮುಟ್ಟುವುದಿಲ್ಲ, ತಲೆ ಎತ್ತಿದ್ದನ್ನು ಬಿಡುವುದಿಲ್ಲ. ಮರಳಿನಲ್ಲಿ ಅವರು ಕಂಡ ಇನ್ನೊಂದು ಸಂಗತಿ: ಒಂದು ಕಣ ಹಾರಿ ಬಿದ್ದ ಪೆಟ್ಟಿಗೆ ಪಕ್ಕದ ಕಣಗಳೂ ಏಳುತ್ತವೆ, ಹಾಗಾಗಿ ಒಮ್ಮೆ ಶುರುವಾದ ಹಾರಾಟ ಮುಂದುವರಿಯಲು ಮೊದಲಿನಷ್ಟು ಗಾಳಿ ಬೇಕಿಲ್ಲ.

ಇಷ್ಟು ತಿಳಿದರೆ ಮಡಿಯ ಉಪಾಯ ತಾನಾಗಿ ಹೊಳೆಯುತ್ತದೆ. ಮುಚ್ಚಿಗೆಯ ಮಟ್ಟ ಅಂಚಿನ ಇಟ್ಟಿಗೆಗಿಂತ ಎರಡು ಬೆರಳು ತಗ್ಗಿರಲಿ. ಮಡಿಯ ಮೇಲೆ ಕತ್ತರಿಸಿದ ಕಡ್ಡಿಗಳನ್ನು ಅಡ್ಡಾದಿಡ್ಡಿ ಎಸೆದರೆ ಗಾಳಿಯ ಪೆಟ್ಟನ್ನು ಅವೇ ತಿನ್ನುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಬಿದ್ದ ಎಲೆಯನ್ನು ಎತ್ತಿ ಬಿಸಾಡುವ ಬದಲು ಪುಡಿ ಮಾಡಿ ಅಲ್ಲೇ ಹಾಕಿ. ಇಡೀ ಬಾದಾಮಿ ಎಲೆ ಒಣಗಿದ್ದರೆ ಹಾರುತ್ತದೆ, ಒದ್ದೆಯಾದರೆ ಒಂದರ ಮೇಲೊಂದು ಅಂಟಿ ನೀರನ್ನೇ ಕೆಳಗೆ ಬಿಡುವುದಿಲ್ಲ. ಅದೇ ಎಲೆಯನ್ನು ಗೋಣಿಚೀಲಕ್ಕೆ ತುಂಬಿ ನಾಲ್ಕು ಬಾರಿ ತುಳಿದು ಹರಡಿದರೆ ಚೂರುಗಳು ಸಿಪ್ಪೆಯ ಸಂದಿಗಿಳಿದು ಅಲ್ಲೇ ಕೂರುತ್ತವೆ.

ಶಿರಸಿ, ಸಾಗರದ ಕಡೆಯ ಅಡಿಕೆ ಬೆಳೆಗಾರರಿಗೆ ಇದು ನಗು ತರಿಸಬಹುದು. ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸಿ, ಕಲ್ಲಿ ತುಂಬಿ ತಂದು ಕೊಟ್ಟಿಗೆಗೆ ಹಾಸುತ್ತಾರೆ. ದನ ತುಳಿದು ಪುಡಿ ಮಾಡುತ್ತದೆ, ಸಗಣಿ ಗಂಜಲ ಸೇರಿ ಒದ್ದೆಯಾಗುತ್ತದೆ, ಆಮೇಲೆ ಮರದ ಬುಡ ಸೇರುತ್ತದೆ. ಬ್ಯಾಗ್ನೋಲ್ಡ್ ಓದದೆಯೂ ಅಲ್ಲಿ ಗೊಬ್ಬರ ಹಾರಿದ್ದಿಲ್ಲ.

ಇನ್ನು ಅಂಟು. ಸಿಂಪಡಿಸಿದರೆ ಚೂರುಗಳು ಒಂದಕ್ಕೊಂದು ಹಿಡಿದುಕೊಳ್ಳುವುದು ನಿಜ. ಓಡಾಡುವ ದಾರಿಯ ಜಲ್ಲಿಗೆ ಬೇಕಾದರೆ ಇರಲಿ. ಆದರೆ ಮುಚ್ಚಿಗೆಯ ಕೆಲಸವೇ ಕೊಳೆಯುವುದು, ಕೆಳಗಿಳಿಯುವುದು, ವರ್ಷವರ್ಷ ಮೇಲೆ ಹೊಸದನ್ನು ಹಾಕಿಸಿಕೊಳ್ಳುವುದು. ಕೊಳೆಯಲೆಂದೇ ಹಾಕಿದ್ದಕ್ಕೆ ಗಟ್ಟಿಯಾಗಿರಲು ದುಡ್ಡು ಕೊಡುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ. ಅಂಟು ಹಾಕಿದರೂ ನಾಳೆಯ ಎಲೆ ಅದರ ಮೇಲೇ ಬೀಳುತ್ತದೆ.

ಮಡಿಯ ಹೊದಿಕೆ ಚದುರಿದ್ದಕ್ಕೆಲ್ಲ ಗಾಳಿಯೇ ಕಾರಣವೂ ಅಲ್ಲ. ಹರಟೆಮಲ್ಲ ಹಕ್ಕಿಗಳ ಗುಂಪು ಹುಳುವಿಗಾಗಿ ಎಲೆಗಳನ್ನು ಕೊಕ್ಕಿನಿಂದ ಎಡಬಲಕ್ಕೆ ಎಸೆಯುವುದನ್ನು ನೋಡಿದವರಿಗೆ ಇದು ಗೊತ್ತು. ಮಳೆ ಹಿಡಿದ ಮೇಲಂತೂ ಎರೆಹುಳುಗಳ ಸರದಿ. ಚಾರ್ಲ್ಸ್ ಡಾರ್ವಿನ್ 1881ರ ತಮ್ಮ ಎರೆಹುಳುವಿನ ಪುಸ್ತಕಕ್ಕಾಗಿ ಕಾಗದವನ್ನು ತ್ರಿಕೋನವಾಗಿ ಕತ್ತರಿಸಿ ಹರಡಿ, ಹುಳುಗಳು ಬಿಲಕ್ಕೆ ಎಳೆದುಕೊಂಡ 303 ಚೂರುಗಳನ್ನು ಪರೀಕ್ಷಿಸಿದ್ದರು. ನೂರಕ್ಕೆ 62ರಷ್ಟನ್ನು ಚೂಪು ತುದಿ ಹಿಡಿದೇ ಎಳೆದಿದ್ದವು. ಜೂನ್ ಹೊತ್ತಿಗೆ ಮಡಿ ತೆಳುವಾಗಿ, ಅಲ್ಲಲ್ಲಿ ಎಲೆಯ ತೊಟ್ಟು ಮೇಲಾಗಿ, ತುದಿ ಮಣ್ಣಿಗೆ ಹೂತು ನಿಂತಿದ್ದರೆ ಅದು ಅವುಗಳದೇ ಕೈವಾಡ. ಆಗ ಇನ್ನೊಂದು ಚೀಲ ಎಲೆಪುಡಿ ಸುರಿಯಿರಿ. ಗುಲಾಬಿಯ ಕಾಂಡದಿಂದ ನಾಲ್ಕು ಬೆರಳು ಜಾಗ ಬಿಟ್ಟು.