ಹಳೆಯ ಎಂಜಿನ್: ಗುಜರಿಗೋ, ಮತ್ತೆ ಕೆರೆ ದಂಡೆಗೋ?

ಫೆಬ್ರುವರಿಯಲ್ಲಿ ಶ್ರೀಮಂಗಲದ ಕಡೆ ಹೋದವರಿಗೆ ಕಾಫಿ ತೋಟದೊಳಗಿಂದ ಡೀಸೆಲ್ ಎಂಜಿನ್ನಿನ ಸದ್ದು ಕೇಳುವುದುಂಟು. ಬ್ರಹ್ಮಗಿರಿ ತಪ್ಪಲಿನ ಈ ಸೀಮೆಯಲ್ಲಿ ರೊಬಸ್ಟಾ ಕೊಯ್ಲು ಮುಗಿಯುತ್ತಿದ್ದಂತೆ ಕೆರೆಗೆ ಪೈಪು ಇಳಿಯುತ್ತದೆ, ಸ್ಪ್ರಿಂಕ್ಲರ್‌ಗಳು ತಿರುಗತೊಡಗುತ್ತವೆ. ಆ ಹೊತ್ತಿನಲ್ಲಿ ಎಂಜಿನ್ ಕೈಕೊಟ್ಟರೆ ಮುಂದಿನ ವರ್ಷದ ಫಸಲಿಗೇ ಸಂಚಕಾರ. ಹಾಗಾಗಿ, ಶೆಡ್ಡಿನಲ್ಲಿರುವ ಹಳೆಯ ಎಂಜಿನ್ನನ್ನು ಬಿಚ್ಚಿ ಕಟ್ಟಿಸಬೇಕೋ, ಗುಜರಿಗೆ ಹಾಕಬೇಕೋ ಎಂಬ ಪ್ರಶ್ನೆ ಬೆಳೆಗಾರನ ಪಾಲಿಗೆ ಸಣ್ಣದಲ್ಲ.

ರೊಬಸ್ಟಾ ಮೊಗ್ಗು ನೀರು ಬೀಳುವವರೆಗೆ ನಿದ್ರಿಸುತ್ತಿರುತ್ತದೆ. ಒಂದರಿಂದ ಒಂದೂವರೆ ಅಂಗುಲ ಮಳೆಯೋ, ಅಷ್ಟೇ ಪ್ರಮಾಣದ ಸ್ಪ್ರಿಂಕ್ಲರ್ ನೀರೋ ಸಿಕ್ಕರೆ ಸುಮಾರು ಒಂದು ವಾರದಲ್ಲಿ ತೋಟವಿಡೀ ಬಿಳಿ ಹೂ ಬಿಡುತ್ತದೆ. ಇದೇ ಹೂಮಳೆ. ರೊಬಸ್ಟಾದಲ್ಲಿ ಒಂದು ಗಿಡದ ಹೂವಿಗೆ ಬೇರೆ ಗಿಡದ ಪರಾಗ ಬೇಕು. ಆದ್ದರಿಂದ ಹೂವೆಲ್ಲ ಒಟ್ಟಿಗೆ ಅರಳುವುದು ಮುಖ್ಯ. ಹೂ ಉದುರಿದ ಮೇಲೆ, ಹದಿನೈದು ಇಪ್ಪತ್ತು ದಿನಗಳೊಳಗೆ, ಇನ್ನೊಮ್ಮೆ ನೀರು ಬೇಕು. ಬೆಳೆಗಾರರು ಇದನ್ನು ‘ಬ್ಯಾಕಿಂಗ್’ ಎನ್ನುತ್ತಾರೆ. ಅರೆಬರೆ ನೀರು ಬಿದ್ದರೆ ಮೊಗ್ಗು ಅರ್ಧ ಎಚ್ಚೆತ್ತು ಒಣಗುತ್ತದೆ.

ಇದಕ್ಕೆ ಬೇಕಾದ ನೀರೆಷ್ಟು? ಒಂದು ಎಕರೆಗೆ ಒಂದೂವರೆ ಅಂಗುಲವೆಂದರೆ ಸುಮಾರು 1.5 ಲಕ್ಷ ಲೀಟರ್. ಸೆಕೆಂಡಿಗೆ 10 ಲೀಟರ್ ಎತ್ತುವ ಪಂಪು ನಾಲ್ಕು ಗಂಟೆಗೂ ಮೀರಿ ಓಡಬೇಕು. ಹತ್ತು ಎಕರೆಗೆ ನಲವತ್ತು ಗಂಟೆ ದಾಟುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಎಂಜಿನ್ ವೇಗ ಶೇ 10ರಷ್ಟು ತಗ್ಗಿದರೆ ಪಂಪಿನ ಒತ್ತಡ ಸುಮಾರು ಶೇ 19ರಷ್ಟು ಕುಸಿಯುತ್ತದೆ. ಸದ್ದು ಕೇಳುತ್ತಲೇ ಇರುತ್ತದೆ, ಆದರೆ ಸ್ಪ್ರಿಂಕ್ಲರ್ ನೀರು ದೂರದ ಗಿಡ ಮುಟ್ಟುವುದಿಲ್ಲ. ಎಂಜಿನ್ ಓಡುತ್ತಿದೆ ಎಂದ ಮಾತ್ರಕ್ಕೆ ಕೆಲಸ ಮಾಡುತ್ತಿದೆ ಎಂದುಕೊಳ್ಳುವಂತಿಲ್ಲ.

ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನಿಗೆ ಪೇಟೆಂಟ್ ಕೋರಿದ್ದು 1892ರಲ್ಲಿ; ಅದು ಯಶಸ್ವಿಯಾಗಿ ಓಡಿದ್ದು 1897ರಲ್ಲಿ. ನಮ್ಮ ರೈತರಿಗೆ ಡೀಸೆಲ್ ಎಂಜಿನ್ ಎಂದೊಡನೆ ನೆನಪಾಗುವ ಹೆಸರು ಕಿರ್ಲೋಸ್ಕರ್. ಈ ಉದ್ಯಮ ಮನೆತನದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ 1946ರಲ್ಲಿ ಪುಣೆಯಲ್ಲಿ ಆರಂಭವಾಯಿತು. ನಿಧಾನಗತಿಯ ಹಳೆಯ ಎಂಜಿನ್‌ಗಳದು ದಪ್ಪ ಬೀಡುಕಬ್ಬಿಣದ ಮೈ, ಭಾರದ ಫ್ಲೈವ್ಹೀಲ್. ಬ್ಯಾಟರಿ ಬೇಡ, ಹ್ಯಾಂಡಲ್ ತಿರುಗಿಸಿದರೆ ಸಾಕು. ಊರಿನ ಮೆಕ್ಯಾನಿಕ್ ಕೈಗೆ ಸಿಗುವಂಥ ಯಂತ್ರವಾದ್ದರಿಂದಲೇ ‘ಕಟ್ಟಿಸೋಣವೇ?’ ಎಂಬ ಆಸೆ ಹುಟ್ಟುತ್ತದೆ.

ಹಾಗಾದರೆ ನಿರ್ಧರಿಸುವುದು ಹೇಗೆ? ಮೊದಲು ಹ್ಯಾಂಡಲ್ ತಿರುಗಿಸಿ ನೋಡಬೇಕು. ಎದುರೊತ್ತಡವೇ ಇಲ್ಲದೆ ಸಲೀಸಾಗಿ ತಿರುಗಿದರೆ ಒಳಗೆ ಗಾಳಿ ಸೋರುತ್ತಿದೆ ಎಂದರ್ಥ. ಹೊಗೆಯೂ ಮಾತಾಡುತ್ತದೆ. ನೀಲಿ ಹೊಗೆಯಾದರೆ ಆಯಿಲ್ ಉರಿಯುತ್ತಿದೆ, ರಿಂಗು ಲೈನರ್ ಸವೆದಿರಬಹುದು. ಬಿಳಿ ಹೊಗೆ ನಿಲ್ಲದಿದ್ದರೆ ನಾಝಲ್ ಮೇಲೂ ಕಂಪ್ರೆಷನ್ ಮೇಲೂ ಅನುಮಾನ. ಕಪ್ಪು ಹೊಗೆಗೆ ಹೊರೆ ಹೆಚ್ಚಾದದ್ದೋ, ಏರ್ ಫಿಲ್ಟರ್ ಕಟ್ಟಿದ್ದೋ ಕಾರಣವಿರಬಹುದು. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಅದಕ್ಕೆ ನೀರು ಸೇರಿದೆ. ಡೀಸೆಲ್ ಖರ್ಚನ್ನೂ ಅಳೆಯಬೇಕು: 10 ಅಶ್ವಶಕ್ತಿಯ ಸುಸ್ಥಿತಿಯ ಎಂಜಿನ್ ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು 2ರಿಂದ 2.5 ಲೀಟರ್ ಕುಡಿಯುತ್ತದೆ.

ರಿಂಗು, ಪಿಸ್ಟನ್, ಲೈನರ್, ಬೇರಿಂಗ್, ವಾಲ್ವು, ನಾಝಲ್ ಸವೆಯಲೆಂದೇ ಇರುವ ಭಾಗಗಳು, ಬದಲಿಸಿದರಾಯಿತು. ಎಂಜಿನ್ನಿನ ಎಲುಬೆಂದರೆ ಬ್ಲಾಕು ಮತ್ತು ಕ್ರ್ಯಾಂಕ್ ಶಾಫ್ಟ್. ಬ್ಲಾಕು ಸೀಳಿದ್ದರೆ, ಕ್ರ್ಯಾಂಕನ್ನು ಆಗಲೇ ಕೊನೆಯ ಅಳತೆಯವರೆಗೆ ಉಜ್ಜಿಸಿದ್ದರೆ ಹೊಸ ಪಿಸ್ಟನ್ ಹಾಕಿದರೂ ದುಡ್ಡು ನೀರಿನಲ್ಲಿ ಹೋಮ. ಕರಾವಳಿಯ ನಾಡದೋಣಿಯವರು ಔಟ್‌ಬೋರ್ಡ್ ಎಂಜಿನ್ ಮುಂದೆ ನಿಂತು ಲೆಕ್ಕ ಹಾಕುವುದೂ ಹೀಗೆಯೇ. ಅಲ್ಲಿ ಅಲ್ಯೂಮಿನಿಯಂ ಮೈಯನ್ನು ಉಪ್ಪುನೀರು ತಿಂದಿದೆಯೇ ಎಂದು ನೋಡಬೇಕು. ಇಲ್ಲಿ ಮಳೆಗಾಲವಿಡೀ ಒಳಗೆ ನಿಂತ ನೀರು ಕಬ್ಬಿಣಕ್ಕೆ ತುಕ್ಕು ಹಿಡಿಸಿದೆಯೇ ಎಂದು.

ಆದ್ದರಿಂದ ಮೊದಲು ಬಿಚ್ಚಿಸಿ ಅಳತೆ ತೆಗೆಸಬೇಕು; ಬದಲಿಸಬೇಕಾದ ಭಾಗಗಳ ಪಟ್ಟಿ ಮತ್ತು ಬೆಲೆ ಬರೆಸಿಕೊಳ್ಳಬೇಕು; ಆ ಮಾದರಿಯ ಭಾಗಗಳು ಈಗಲೂ ಸಿಗುತ್ತವೆಯೇ ಎಂದು ವಿಚಾರಿಸಬೇಕು. ಕೆರೆಯ ಬಳಿಗೇ ವಿದ್ಯುತ್ ಬಂದಿದ್ದರೆ ಮೋಟಾರಿನ ಲೆಕ್ಕವನ್ನೂ ಪಕ್ಕದಲ್ಲಿಡಬೇಕು. ಎಲುಬು ಗಟ್ಟಿಯಿದ್ದರೆ ಕಟ್ಟಿಸುವುದೇ ಲಾಭ. ಇಲ್ಲವಾದರೆ, ಅಪ್ಪನ ಕಾಲದ್ದೆಂಬ ಮಮತೆ ಎಷ್ಟೇ ಇರಲಿ, ನೀರೆತ್ತುವ ಹೊಣೆಯನ್ನು ಅದಕ್ಕೆ ಒಪ್ಪಿಸುವುದು ಸಲ್ಲ.

ಇದಕ್ಕೆ ಕಾಲವೂ ಉಂಟು. ಗದ್ದೆ ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಕೊಡಗಿನಲ್ಲಿ ಕೈಲ್ ಮುಹೂರ್ತ ಬರುತ್ತದೆ. ಅಂದು ಕೋವಿ, ಒಡಿಕತ್ತಿಗಳನ್ನು ತೊಳೆದು ಒರೆಸಿ ಪೂಜಿಸುತ್ತಾರೆ. ಎಂಜಿನ್ ಬಿಚ್ಚಿಸಲೂ ಅದೇ ಹದ. ಪುತ್ತರಿಯ ಹೊತ್ತಿಗೆ ಕೆಲಸ ಮುಗಿದರೆ, ಜನವರಿಯಲ್ಲಿ ಪೈಪು ಜೋಡಿಸಿ ನಾಲ್ಕು ಗಂಟೆ ಬಿಡದೆ ಓಡಿಸಿ ನೋಡಬಹುದು. ಆಗ ಬಯಲಾಗುವ ತಪ್ಪನ್ನು ತಿದ್ದಿಕೊಳ್ಳಲು ದಿನಗಳಿರುತ್ತವೆ. ಫೆಬ್ರುವರಿಯಲ್ಲಿ ಮೆಕ್ಯಾನಿಕ್ ಮನೆ ಬಾಗಿಲಲ್ಲಿ ನಿಂತವನಿಗೆ ಆ ದಿನಗಳು ಸಿಗುವುದಿಲ್ಲ. ಮೊಗ್ಗು ಯಾರಿಗೂ ಕಾಯುವುದಿಲ್ಲ.