ಮುಖ ಕೂಡಿಕೊಳ್ಳುವ ಬಗೆ

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯವನ್ನು ಹೊಯ್ಸಳ ದೊರೆ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ. ಹೊರಗೋಡೆಯ ದಕ್ಷಿಣ ಭಾಗದ ವಿಗ್ರಹಗಳು ಬೈಚೋಜನ ಕೆಲಸ, ಉತ್ತರದವು ಮಲ್ಲಿತಮ್ಮನವು ಎಂದು ಕಲಾ ಇತಿಹಾಸಕಾರರು ಗುರುತಿಸುತ್ತಾರೆ. ಎರಡು ಕಡೆಯಿಂದ ನಡೆದ ಕೆಲಸ ಸೇರಿ ಒಂದು ದೇಗುಲವಾಗಿದೆ. ನಮ್ಮ ಶಿಲ್ಪಶಾಸ್ತ್ರದಲ್ಲಿ ವಿಗ್ರಹದ ಅಳತೆಗೆ 'ತಾಲ' ಎಂದು ಹೆಸರು. ಹಣೆಯ ಕೂದಲಂಚಿನಿಂದ ಗಲ್ಲದವರೆಗಿನ ಮುಖದ ಉದ್ದವೇ ಒಂದು ತಾಲ. ಮುಖ ನಿಶ್ಚಯವಾದರೆ ಮೈಯೆಲ್ಲ ನಿಶ್ಚಯವಾದಂತೆ.

ಕಲ್ಲಿನ ಮುಖದ ಮಾತು ಹೀಗಾಯಿತು. ಗರ್ಭದಲ್ಲಿ ಜೀವಂತ ಮುಖ ಮೂಡುವುದು ಹೇಗೆ?

ಈ ಪ್ರಶ್ನೆ ಹಳೆಯದು. ಗರ್ಭದಲ್ಲಿ ಮೊದಲು ಹುಟ್ಟುವ ಅಂಗ ಯಾವುದೆಂಬ ಚರ್ಚೆ ಸುಶ್ರುತ ಸಂಹಿತೆಯಲ್ಲಿದೆ. ತಲೆ ಎಂದು ಶೌನಕ, ಹೃದಯ ಎಂದು ಕೃತವೀರ್ಯ, ಹೊಕ್ಕುಳು ಎಂದು ಪಾರಾಶರ್ಯ, ಕೈಕಾಲು ಎಂದು ಮಾರ್ಕಂಡೇಯ ವಾದಿಸುತ್ತಾರೆ. ಎಲ್ಲವೂ ಒಟ್ಟಿಗೇ ಹುಟ್ಟುತ್ತವೆ, ಎಳೆಯ ಮಾವಿನಕಾಯಿಯ ಓಟೆಯಂತೆ ಸೂಕ್ಷ್ಮವಾದ್ದರಿಂದ ಕಾಣುವುದಿಲ್ಲ ಎಂಬುದು ಧನ್ವಂತರಿಯ ತೀರ್ಮಾನ. ಇಂದಿನ ಭ್ರೂಣಶಾಸ್ತ್ರದ ಪ್ರಕಾರ ಮೊದಲು ಕೆಲಸಕ್ಕೆ ತೊಡಗುವುದು ಹೃದಯ. ಆದರೆ ಬೆಳವಣಿಗೆಯಲ್ಲಿ ತಲೆಯೇ ಮುಂದು. ಮೂರನೆಯ ತಿಂಗಳ ಆರಂಭದಲ್ಲಿ ನೆತ್ತಿಯಿಂದ ಕುಂಡೆಯವರೆಗಿನ ಉದ್ದದಲ್ಲಿ ಅರ್ಧದಷ್ಟು ತಲೆಯೇ ಇರುತ್ತದೆ. ಹುಟ್ಟುವಾಗ ಅದು ಇಡೀ ಮೈಯ ಕಾಲು ಭಾಗ.

ಗರ್ಭ ನಿಂತ ನಾಲ್ಕನೆಯ ವಾರದ ಕೊನೆಗೆ ಭ್ರೂಣ ಒಂದು ಭತ್ತದ ಕಾಳಿಗಿಂತ ಚಿಕ್ಕದು. ಬಾಯಾಗಲಿರುವ ಗುಳಿಯ ಸುತ್ತ ಐದು ಉಬ್ಬುಗಳು ಏಳುತ್ತವೆ: ಮೇಲೆ ಹಣೆ ಮತ್ತು ಮೂಗಿನದು ಒಂದು, ಪಕ್ಕಗಳಲ್ಲಿ ಮೇಲ್ದವಡೆಯವು ಎರಡು, ಕೆಳದವಡೆಯವು ಎರಡು. ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಕಿವಿಗಳು ಕತ್ತಿನ ಹತ್ತಿರ ಹುಟ್ಟಿ ಆಮೇಲೆ ಮೇಲೇರುತ್ತವೆ. ಮೊದಲು ಕೆಳದವಡೆಯ ಉಬ್ಬುಗಳು ಕೂಡಿ ಗಲ್ಲವಾಗುತ್ತದೆ. ಆರು, ಏಳನೆಯ ವಾರದಲ್ಲಿ ಮೇಲ್ದವಡೆಯ ಉಬ್ಬುಗಳು ಎರಡು ಪಕ್ಕದಿಂದ ಸರಿದು ಬಂದು, ಮೂಗಿನ ಕಡೆಯಿಂದ ಇಳಿದ ಭಾಗದೊಡನೆ ಬೆಸೆದು ಮೇಲ್ದುಟಿಯಾಗುತ್ತದೆ. ನಿಮ್ಮ ಮೂಗಿನ ಕೆಳಗಿನ ತೋಡನ್ನು ಬೆರಳಿಂದ ಮುಟ್ಟಿ ನೋಡಿ. ಅದರ ಎರಡು ಅಂಚುಗಳ ಬಳಿಯೇ ಆ ಬೆಸುಗೆ ನಡೆದದ್ದು. ಅಂಗುಳ ಕೂಡಿಕೊಳ್ಳುವುದು ಇನ್ನೂ ತಡ. ನಾಲಗೆಯ ಪಕ್ಕದಲ್ಲಿ ಜೋತುಬಿದ್ದ ಎರಡು ಹಲಗೆಗಳು ಮೇಲೆದ್ದು ಹನ್ನೆರಡನೆಯ ವಾರದ ಹೊತ್ತಿಗೆ ಸೇರುತ್ತವೆ.

ಕತ್ತಿಗೂ ಮುಖಕ್ಕೂ ಇನ್ನೊಂದು ನಂಟಿದೆ. ಭ್ರೂಣದ ಗಂಟಲಿನ ಎರಡು ಪಕ್ಕಗಳಲ್ಲಿ ಕಮಾನಿನಂಥ ಏರುಗಳು ಸಾಲಾಗಿ ಮೂಡುತ್ತವೆ. ಮೊದಲನೆಯದರಿಂದ ದವಡೆ ಮತ್ತು ಅಗಿಯುವ ಸ್ನಾಯುಗಳು. ಎರಡನೆಯದರಿಂದ ನಗುವ, ಹುಬ್ಬು ಗಂಟಿಕ್ಕುವ ಸ್ನಾಯುಗಳು. ನಮ್ಮ ನಗೆ ಮುಖಕ್ಕೆ ಬಂದದ್ದು ಕತ್ತಿನ ಕಡೆಯಿಂದ!

ಇಷ್ಟೊಂದು ಬೆಸುಗೆಗಳಲ್ಲಿ ಒಂದು ತಪ್ಪಿದರೆ ಮಗು ಸೀಳುತುಟಿ ಅಥವಾ ಸೀಳಂಗುಳದೊಡನೆ ಹುಟ್ಟುತ್ತದೆ. ಪ್ರಪಂಚದಲ್ಲಿ ಸುಮಾರು 700 ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ. ನಮ್ಮಲ್ಲಿ ಇದಕ್ಕೆ ಗ್ರಹಣದ ಕಾರಣ ಹೇಳುತ್ತಾರೆ. ಗ್ರಹಣದ ಹೊತ್ತಿನಲ್ಲಿ ಬಸುರಿ ಈಳಿಗೆ ಮಣೆ ಮುಟ್ಟಿದಳು, ತರಕಾರಿ ಹೆಚ್ಚಿದಳು ಎಂಬ ಮಾತು ಬಾಣಂತಿಯ ಕಿವಿಗೆ ಬೀಳುತ್ತದೆ. ಲೆಕ್ಕ ಹಾಕಿ ನೋಡೋಣ. ತುಟಿಯ ಬೆಸುಗೆ ಏಳನೆಯ ವಾರಕ್ಕೇ ಮುಗಿಯಿತು. ಮುಟ್ಟು ನಿಂತದ್ದನ್ನು ತಾಯಿ ಆಗಷ್ಟೇ ಖಚಿತಪಡಿಸಿಕೊಂಡಿರುತ್ತಾಳೆ. ಐದನೆಯ ತಿಂಗಳಲ್ಲಿ ಬಂದ ಗ್ರಹಣ ಕೂಡಿಹೋದ ತುಟಿಯನ್ನು ಸೀಳುವುದೆಂತು? ನಿಜವಾದ ಕಾರಣಗಳು ಬೇರೆ. ವಂಶವಾಹಿಗಳೂ ಪರಿಸರವೂ ಸೇರಿ ಇದು ಆಗುತ್ತದೆ. ಹೊಗೆಸೊಪ್ಪಿನ ಹೊಗೆ, ಅಪಸ್ಮಾರದ ಕೆಲವು ಔಷಧಿಗಳು ಅಪಾಯವನ್ನು ಹೆಚ್ಚಿಸುತ್ತವೆ. ಆದರೆ ಅಂಥ ಔಷಧಿಯನ್ನು ತಾವಾಗಿ ನಿಲ್ಲಿಸಬಾರದು. ಗರ್ಭಕ್ಕೆ ಮೊದಲೇ ವೈದ್ಯರನ್ನು ಕಾಣಬೇಕು. ಎಷ್ಟೋ ಮಕ್ಕಳಲ್ಲಿ ಕಾರಣವೆಂದು ಬೆರಳಿಟ್ಟು ತೋರಿಸಲು ಏನೂ ಸಿಗುವುದಿಲ್ಲ.

ಅಂಗುಳ ಸೀಳಿದ ಮಗುವಿಗೆ ಚೀಪುವ ಬಲ ಬರುವುದಿಲ್ಲ. ಹಾಲು ಮೂಗಿಗೆ ನುಗ್ಗುತ್ತದೆ. ತಲೆಯನ್ನು ಎತ್ತರದಲ್ಲಿಟ್ಟು, ನಮ್ಮ ಅಜ್ಜಿಯರ ಒಳಲೆಯಲ್ಲಿ ತಾಯಿಯ ಹಾಲನ್ನೇ ಸ್ವಲ್ಪಸ್ವಲ್ಪವಾಗಿ ಕುಡಿಸಬಹುದು. ತುಟಿಯ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ, ಅಂಗುಳದ್ದು ಒಂದು ವರ್ಷದ ಆಸುಪಾಸಿನಲ್ಲಿ ನಡೆಯುತ್ತದೆ. ತಡವಾದರೆ ಮಾತು ಮೂಗಿನಲ್ಲೇ ನಿಲ್ಲುತ್ತದೆ. ಮಾತು ತಿದ್ದುವ ತರಬೇತಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲೂ ಈ ನ್ಯೂನತೆ ಸೇರಿದೆ.

ಇಂಥ ಮಗು ಹುಟ್ಟಿದಾಗ 'ಗ್ರಹಣದ ದಿನ ಏನು ಮಾಡಿದೆ' ಎಂದು ತಾಯಿಯನ್ನು ಕೇಳುವ ಬದಲು, 'ಅಂಗುಳವನ್ನೂ ಒಮ್ಮೆ ನೋಡಿ' ಎಂದು ವೈದ್ಯರನ್ನು ಕೇಳುವುದು ಮೇಲು.