ಮಲತಂದೆ, ಮಗು ಮತ್ತು ಡಿವೋರ್ಸ್: ಖರ್ಚು ಯಾರದ್ದು, ಹಕ್ಕು ಯಾರದ್ದು?

ತುಂಬಾ ಮನೆಗಳಲ್ಲಿರೋ, ಆದರೆ ಜೋರಾಗಿ ಯಾರೂ ಕೇಳದ ಒಂದು ಪ್ರಶ್ನೆ ಇವತ್ತು ನಮ್ಮ ಮುಂದಿದೆ.

ತಾಯಿ ಮರುಮದುವೆ ಆಗ್ತಾರೆ. ಮೊದಲ ಮದುವೆಯ ಮಗು ಜೊತೆಗಿದೆ. ಹೊಸ ಗಂಡ ಆ ಮಗುವನ್ನ ಐದಾರು ವರ್ಷ ಸಾಕ್ತಾರೆ, ಸ್ಕೂಲ್ ಫೀಸ್ ಕಟ್ತಾರೆ, ಮಗುವೂ ಅವರನ್ನೇ ಅಪ್ಪ ಅನ್ನುತ್ತೆ. ಆಮೇಲೆ ಈ ಮದುವೆಯೂ ಮುರಿದುಬೀಳುತ್ತೆ. ಈಗ ಮಗುವಿನ ಖರ್ಚು ಅವರು ಕೊಡಲೇಬೇಕಾ? ‘ಮಗು ನನ್ನ ಹತ್ತಿರ ಇರಲಿ’ ಅಂತ ಕೇಳೋ ಹಕ್ಕು ಅವರಿಗಿದೆಯಾ?

ಚಿಕ್ಕ ಉತ್ತರ ಹೀಗಿದೆ: ಕಾನೂನು ಪ್ರಕಾರ ದತ್ತು ಆಗಿಲ್ಲ ಅಂದ್ರೆ ಸಾಮಾನ್ಯವಾಗಿ ಎರಡೂ ಇಲ್ಲ. ದತ್ತು ಆಗಿದ್ರೆ ಎರಡೂ ಇವೆ. ಮಧ್ಯದಲ್ಲಿ ಒಂದು ಮುಖ್ಯವಾದ ತಿರುವೂ ಇದೆ. ಒಂದೊಂದಾಗಿ ನೋಡೋಣ.

ಮೊದಲು ಖರ್ಚಿನ ವಿಷಯ

ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ 1956ರಲ್ಲಿ ಬಂತು. ಅದರ 20ನೇ ಸೆಕ್ಷನ್ ಪ್ರಕಾರ ಪ್ರತಿಯೊಬ್ಬರೂ ತಮ್ಮ ಮಕ್ಕಳನ್ನ ಸಾಕಬೇಕು. ಆ ಮಕ್ಕಳು ಮದುವೆಯಿಂದ ಹುಟ್ಟಿರಲಿ, ಮದುವೆಯ ಹೊರಗೆ ಹುಟ್ಟಿರಲಿ, ವ್ಯತ್ಯಾಸ ಇಲ್ಲ. ಆದರೆ ಈ ಪಟ್ಟಿಯಲ್ಲಿ ಮಲಮಕ್ಕಳ ಹೆಸರಿಲ್ಲ. ಎಲ್ಲ ಧರ್ಮದವರಿಗೂ ಅನ್ವಯಿಸೋ ಜೀವನಾಂಶದ ನಿಯಮ, ಅಂದ್ರೆ ಹಳೇ ಸಿಆರ್‌ಪಿಸಿಯ 125ನೇ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ ಆಗಿದೆ. ಅಲ್ಲೂ ಇರೋದು ‘ತನ್ನ ಮಗು’ ಅನ್ನೋ ಮಾತೇ.

ಹಾಗಾದ್ರೆ ಮಗುವಿನ ಖರ್ಚು ಯಾರ ಮೇಲೆ? ತಾಯಿಯ ಜೊತೆಗೆ, ಹೆತ್ತ ತಂದೆಯ ಮೇಲೆ. ‘ಅವಳು ಬೇರೆ ಮದುವೆ ಆದಳು, ಇನ್ನು ನನಗೂ ಮಗುವಿಗೂ ಸಂಬಂಧ ಇಲ್ಲ’ ಅಂತ ಮೊದಲ ಗಂಡ ಹೇಳೋಕಾಗಲ್ಲ. ಮರುಮದುವೆಯಿಂದ ಹೆಂಡತಿಗೆ ಸಿಗ್ತಿದ್ದ ಜೀವನಾಂಶ ನಿಲ್ಲಬಹುದು, ಆದರೆ ಮಗುವಿನದ್ದು ಪ್ರತ್ಯೇಕ ಹಕ್ಕು.

ಆ ಮುಖ್ಯವಾದ ತಿರುವು

ಮಹಿಳೆಯರನ್ನ ಕೌಟುಂಬಿಕ ಹಿಂಸೆಯಿಂದ ರಕ್ಷಿಸೋ 2005ರ ಕಾಯ್ದೆ ಇದೆಯಲ್ಲ, ಅದರಲ್ಲಿ ‘ಮಗು’ ಅಂದ್ರೆ ಯಾರು ಅನ್ನೋ ವಿವರಣೆ ದೊಡ್ಡದು. 18 ವರ್ಷದೊಳಗಿನ ಸ್ವಂತ ಮಗು, ದತ್ತು ಮಗು ಮಾತ್ರ ಅಲ್ಲ, ಮಲಮಗುವೂ ಅದರೊಳಗೆ ಬರುತ್ತೆ. ಹೊಡೆತ, ಬೈಗುಳ ಅಷ್ಟೇ ಅಲ್ಲ, ಮನೆ ಖರ್ಚಿಗೆ ದುಡ್ಡು ಕೊಡದೆ ಸತಾಯಿಸೋದೂ ಈ ಕಾಯ್ದೆಯಲ್ಲಿ ಹಿಂಸೆಯೇ. ಹಿಂಸೆ ನಡೆದಿದೆ ಅಂತ ಕೋರ್ಟಿಗೆ ಮನವರಿಕೆಯಾದ್ರೆ 20ನೇ ಸೆಕ್ಷನ್ ಅಡಿ ಮಹಿಳೆಗೂ ಅವಳ ಮಕ್ಕಳಿಗೂ ಜೀವನಾಂಶ ಕೊಡಿ ಅಂತ ಆದೇಶಿಸಬಹುದು. 21ನೇ ಸೆಕ್ಷನ್ ಅಡಿ ಮಗುವಿನ ತಾತ್ಕಾಲಿಕ ಕಸ್ಟಡಿಯನ್ನೂ ಅವಳಿಗೆ ಕೊಡಬಹುದು. ಅಂದ್ರೆ, ‘ಅದು ನನ್ನ ಮಗು ಅಲ್ಲ’ ಅನ್ನೋ ವಾದ ಎಲ್ಲ ಕೋರ್ಟಿನಲ್ಲೂ ಒಂದೇ ಥರ ಕೆಲಸ ಮಾಡಲ್ಲ.

ಇನ್ನು ಕಸ್ಟಡಿ

ಈಗ ಇದೇ ಕಥೆಯನ್ನ ಮಲತಂದೆಯ ಕಡೆಯಿಂದ ನೋಡಿ. ಮಗುವನ್ನ ನಿಜವಾಗಿ ಪ್ರೀತಿಸಿ ಸಾಕಿದವರು ಅವರು. ಆದರೆ 1956ರದ್ದೇ ಆದ ಹಿಂದೂ ಅಪ್ರಾಪ್ತ ವಯಸ್ಕರ ಪೋಷಕತ್ವದ ಕಾಯ್ದೆ, 6ನೇ ಸೆಕ್ಷನ್‌ನಲ್ಲಿ ನೇರವಾಗಿ ಹೇಳುತ್ತೆ: ಸ್ವಾಭಾವಿಕ ಪೋಷಕರ ವಿಷಯ ಬಂದಾಗ ತಂದೆ, ತಾಯಿ ಅನ್ನೋ ಪದಗಳಲ್ಲಿ ಮಲತಂದೆ, ಮಲತಾಯಿ ಸೇರಲ್ಲ. ಖರ್ಚಿನಿಂದ ಅವರನ್ನ ಬಿಡಿಸೋ ಗೆರೆಯೇ ಮಗುವಿನಿಂದಲೂ ಅವರನ್ನ ದೂರ ಇಡುತ್ತೆ.

ಬಾಗಿಲು ಪೂರ್ತಿ ಮುಚ್ಚಿದೆಯಾ? ಇಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಅಡಿ, ಪೋಷಕರಾಗೋಕೆ ಬಯಸೋ ಯಾರಾದರೂ ಅರ್ಜಿ ಹಾಕಬಹುದು. ಮಗುವಿನ ವಯಸ್ಸು, ಅರ್ಜಿದಾರರ ಗುಣನಡತೆ, ಮಗುವಿನ ಜೊತೆ ಅವರ ಈವರೆಗಿನ ಸಂಬಂಧ ಎಲ್ಲವನ್ನೂ ಕೋರ್ಟ್ ನೋಡುತ್ತೆ. ತಿಳುವಳಿಕೆ ಬಂದ ಮಗುವಾದ್ರೆ ಅದರ ಇಷ್ಟವನ್ನೂ ಕೇಳಬಹುದು. ಎಲ್ಲಕ್ಕಿಂತ ಮೇಲಿರೋದು ಮಗುವಿನ ಹಿತ. ಆದರೆ ಹೆತ್ತ ತಂದೆ ಅಥವಾ ತಾಯಿ ಬದುಕಿದ್ದು, ಅವರು ಅನರ್ಹರು ಅಂತ ಕೋರ್ಟಿಗೆ ಅನ್ನಿಸದಿದ್ರೆ, ಬೇರೆಯವರನ್ನ ಪೋಷಕರಾಗಿ ನೇಮಿಸೋದಕ್ಕೆ 19ನೇ ಸೆಕ್ಷನ್ ಅಡ್ಡ ಬರುತ್ತೆ. ಹಾಗಾಗಿ ಇದು ಕಷ್ಟದ ದಾರಿ.

ದತ್ತು ಆಗಿದ್ರೆ?

ಲೆಕ್ಕವೇ ಬದಲು. ಕಾನೂನುಬದ್ಧ ದತ್ತು ಆದ ದಿನದಿಂದ ಅವರು ಮಲತಂದೆ ಅಲ್ಲ, ತಂದೆ. ಡಿವೋರ್ಸ್ ಆದ್ರೂ ಅದು ಬದಲಾಗಲ್ಲ. ಸಿಂಧುವಾದ ದತ್ತನ್ನ ದತ್ತು ತಂದೆ ರದ್ದು ಮಾಡೋಕೆ 15ನೇ ಸೆಕ್ಷನ್ ಬಿಡಲ್ಲ. ಖರ್ಚೂ ಕೊಡಬೇಕು, ಕಸ್ಟಡಿ ಅಥವಾ ಭೇಟಿಯ ಅವಕಾಶವನ್ನೂ ಕೇಳಬಹುದು. ಇತ್ತ ಹೆತ್ತ ತಂದೆಯ ಹೊಣೆ ಮುಗಿಯುತ್ತೆ.

ಇಲ್ಲಿ ತುಂಬಾ ಜನ ಎಡವೋ ಜಾಗ ಒಂದಿದೆ. ಸ್ಕೂಲ್ ದಾಖಲೆಯಲ್ಲಿ, ಆಧಾರ್‌ನಲ್ಲಿ ಮಲತಂದೆಯ ಹೆಸರು ಹಾಕಿಸಿಬಿಟ್ರೆ ದತ್ತು ಆದಂಗೆ ಅಲ್ಲ. 2022ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ, ತಂದೆ ತೀರಿಕೊಂಡ ಮೇಲೆ ಮಗುವಿನ ಉಪನಾಮ ನಿರ್ಧರಿಸೋ ಹಕ್ಕು ತಾಯಿಗಿದೆ ಅಂತ ಹೇಳಿತು. ಆದರೆ ಹೆಸರು ಬೇರೆ, ದತ್ತು ಬೇರೆ. ದತ್ತಿಗೆ ಅದರದ್ದೇ ವಿಧಾನ ಇದೆ: ಹೆತ್ತ ತಂದೆ ಬದುಕಿದ್ರೆ ಸಾಮಾನ್ಯವಾಗಿ ಅವರ ಒಪ್ಪಿಗೆ ಬೇಕು. ಬಾಲನ್ಯಾಯ ಕಾಯ್ದೆಯ ದಾರಿಯಲ್ಲಿ ಹೋದ್ರೆ ಅದು ಎಲ್ಲ ಧರ್ಮದವರಿಗೂ ತೆರೆದಿದೆ, ಆದೇಶ ಕೊಡೋರು ಜಿಲ್ಲಾ ಮ್ಯಾಜಿಸ್ಟ್ರೇಟ್.

ಹಾಗಾಗಿ ನಿಮ್ಮ ಮನೆಯಲ್ಲೋ, ಗೆಳೆಯರ ಮನೆಯಲ್ಲೋ ಇಂಥ ಕುಟುಂಬ ಇದ್ರೆ, ಸಂಬಂಧ ಚೆನ್ನಾಗಿರುವಾಗಲೇ ದತ್ತಿನ ಬಗ್ಗೆ ಮಾತಾಡೋದು ಒಳ್ಳೇದು. ಜಗಳ ಶುರುವಾದ ಮೇಲೆ ಆ ಸಹಿ ಸಿಗೋದು ಕಷ್ಟ. ಈಗಾಗಲೇ ಕೋರ್ಟ್ ಮೆಟ್ಟಿಲು ಹತ್ತೋ ಪರಿಸ್ಥಿತಿ ಬಂದಿದ್ರೆ, ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲಾ 15100ಕ್ಕೆ ಕರೆ ಮಾಡಿ. ಪ್ರತಿ ಪ್ರಕರಣವೂ ಬೇರೆ, ಹಾಗಾಗಿ ವಕೀಲರನ್ನ ಕೇಳದೆ ಹೆಜ್ಜೆ ಇಡಬೇಡಿ.

ಈ ಸಂಚಿಕೆ ಯಾರಿಗಾದರೂ ಬೇಕಾಗಬಹುದು ಅನ್ನಿಸಿದ್ರೆ ಅವರಿಗೆ ಕಳಿಸಿ. ಮತ್ತೆ ಸಿಗೋಣ.